ವಿಹಾರಧಾಮದ ಸದಸ್ಯತ್ವ: ಸಹಿ ಹಾಕುವ ಮುನ್ನ ಒಂದು ಲೆಕ್ಕದ ಪಾಠ



ಬೆಳೆಗೆ ಒಳ್ಳೆಯ ಧಾರಣೆ ಬಂದ ವರ್ಷ ಬೆಳೆಗಾರನನ್ನು ಹುಡುಕಿಕೊಂಡು ಬರುವವರ ಸಂಖ್ಯೆಯೂ ಹೆಚ್ಚುತ್ತದೆ. 2024 ಮತ್ತು 2025ರಲ್ಲಿ ಕಾಫಿಯ ಧಾರಣೆ, ಅದರಲ್ಲೂ ರೋಬಸ್ಟಾದ ಧಾರಣೆ, ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತ್ತು. ಆ ಕಾಲದಿಂದೀಚೆಗೆ ನಿವೇಶನದವರು, ವಿಮೆಯವರು, ವಾಹನದವರು ಇವರೊಂದಿಗೆ ವಿಹಾರಧಾಮದ ಸದಸ್ಯತ್ವ ಮಾರುವವರೂ ನಮ್ಮ ಸದಸ್ಯರಿಗೆ ದೂರವಾಣಿ ಮಾಡುತ್ತಿದ್ದಾರೆ. "ಒಮ್ಮೆ ಹಣ ಕಟ್ಟಿ, 25 ವರ್ಷ ಕುಟುಂಬ ಸಮೇತ ರಜೆ ಕಳೆಯಿರಿ" ಎಂಬುದು ಅವರ ಮಾತಿನ ಸಾರ. ಇದನ್ನು ಕೊಳ್ಳಬಹುದೇ ಎಂದು ಹಲವು ಸದಸ್ಯರು ಸಂಘದ ಕಚೇರಿಯಲ್ಲಿ ವಿಚಾರಿಸಿದ್ದರಿಂದ ಈ ಸಂಚಿಕೆಯ ಸದಸ್ಯ ಶಿಕ್ಷಣ ಪಾಠವನ್ನು ಇದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ಕೊಳ್ಳಿರಿ ಎಂದಾಗಲಿ ಕೊಳ್ಳಬೇಡಿರಿ ಎಂದಾಗಲಿ ನಾವು ಹೇಳಹೊರಟಿಲ್ಲ. ತೋಟಕ್ಕೆ ಪಂಪು ಕೊಳ್ಳುವಾಗ ಬಾವಿಯ ಆಳ, ನೀರಿನ ಇಳುವರಿ, ವಿದ್ಯುತ್ತಿನ ಖರ್ಚು ಎಲ್ಲವನ್ನೂ ನೋಡುವ ನಮ್ಮ ರೈತರು ಇದನ್ನೂ ಅದೇ ಕಣ್ಣಿನಿಂದ ನೋಡಬೇಕು ಎಂಬುದಷ್ಟೇ ನಮ್ಮ ಉದ್ದೇಶ. ಹೆಂಡತಿ ಮಕ್ಕಳೊಂದಿಗೆ ವರ್ಷಕ್ಕೊಮ್ಮೆ ಹೊರಗೆ ಹೋಗಬೇಕೆಂಬ ಆಸೆ ದುಂದುವೆಚ್ಚವೇನಲ್ಲ. ಆ ಆಸೆಗೆ ಯಾವ ದಾರಿಯಲ್ಲಿ ಎಷ್ಟು ಖರ್ಚಾಗುತ್ತದೆ ಎಂಬುದು ಮಾತ್ರ ತಿಳಿದಿರಬೇಕು.

1. ಕೊಳ್ಳುವುದು ಏನನ್ನು?

ಟೈಮ್ ಷೇರ್ ಎಂದರೆ ಒಂದು ವಸತಿಯನ್ನು ಹಲವರು ಕಾಲದ ಲೆಕ್ಕದಲ್ಲಿ ಹಂಚಿಕೊಳ್ಳುವುದು. ಒಂದು ಕೊಠಡಿಗೆ ವರ್ಷದಲ್ಲಿ 52 ವಾರ. ಒಂದೊಂದು ವಾರವನ್ನು ಒಂದೊಂದು ಕುಟುಂಬಕ್ಕೆ ಮಾರಿದರೆ ಒಂದೇ ಕೊಠಡಿ ಐವತ್ತು ಕುಟುಂಬಗಳ ಪಾಲಾಗುತ್ತದೆ. ಪಾಲಿಗೆ ಕೊಟ್ಟ ಹಣ ಒಮ್ಮೆಯ ಸದಸ್ಯತ್ವ ಶುಲ್ಕ. ಕಟ್ಟಡದ ನಿರ್ವಹಣೆಗೆ ಪ್ರತಿ ವರ್ಷ ಕೊಡುವುದು ವಾರ್ಷಿಕ ಶುಲ್ಕ.

ಈ ಪದ್ಧತಿ ಯುರೋಪಿನಲ್ಲಿ ಹುಟ್ಟಿದ್ದು. ಸ್ವಿಟ್ಜರ್‌ಲೆಂಡಿನ ಹಪಿಮಾಗ್ ಸಂಸ್ಥೆ 1963ರಲ್ಲಿ ಸ್ಥಾಪನೆಯಾಯಿತು. ಒಂದೇ ಊರಿಗೆ ಪ್ರತಿ ವರ್ಷ ಹೋಗಲು ಬೇಸರಪಡುವ ಸದಸ್ಯರು ತಮ್ಮ ವಾರವನ್ನು ಬೇರೆ ಊರಿನ ವಾರದೊಂದಿಗೆ ಅದಲುಬದಲು ಮಾಡಿಕೊಳ್ಳಲೆಂದು ಅಮೆರಿಕದಲ್ಲಿ 1974ರಲ್ಲಿ ಆರ್.ಸಿ.ಐ. ಎಂಬ ವಿನಿಮಯ ಸಂಸ್ಥೆ ಆರಂಭವಾಯಿತು. ನಮ್ಮ ದೇಶದಲ್ಲಿ 1986ರಲ್ಲಿ ಸ್ಟರ್ಲಿಂಗ್ ಸಂಸ್ಥೆ, 1996ರಲ್ಲಿ ಮಹೀಂದ್ರ ಸಮೂಹದ ವಿಹಾರ ಸಂಸ್ಥೆ ಸ್ಥಾಪನೆಯಾದವು. ಇಂತಹ ವಿಹಾರಧಾಮಗಳು ನಮ್ಮ ಕೊಡಗಿನ ಕಾಫಿ ತೋಟಗಳ ನಡುವೆಯೇ ಇರುವುದನ್ನು ನೀವೆಲ್ಲರೂ ಬಲ್ಲಿರಿ.

ಈಗ ನಮ್ಮಲ್ಲಿ ಹೆಚ್ಚಾಗಿ ಮಾರಾಟವಾಗುವುದು ಕೊಠಡಿಯ ಪಾಲಲ್ಲ, ಬಳಸುವ ಹಕ್ಕು. ಈ ವ್ಯತ್ಯಾಸವನ್ನು ಚೆನ್ನಾಗಿ ಮನಗಾಣಬೇಕು. ಜಮೀನು ಕೊಂಡರೆ ನೋಂದಣಿಯಾಗುತ್ತದೆ, ಪಹಣಿಯಲ್ಲಿ ಹೆಸರು ಬರುತ್ತದೆ, ಬೇಕಾದಾಗ ಮಾರಬಹುದು, ಅಡವಿಟ್ಟು ಸಾಲ ಪಡೆಯಬಹುದು. ಬಳಸುವ ಹಕ್ಕಿನ ಸದಸ್ಯತ್ವಕ್ಕೆ ಇವಾವುವೂ ಇಲ್ಲ. ಅವಧಿ ಮುಗಿದ ದಿನ ಕೈಯಲ್ಲಿ ಉಳಿಯುವುದು ಏನೂ ಇಲ್ಲ. ಆದ್ದರಿಂದ ಇದನ್ನು ಆಸ್ತಿಯ ಖಾತೆಗೆ ಬರೆಯಬಾರದು. 25 ವರ್ಷದ ಖರ್ಚನ್ನು ಮುಂಗಡವಾಗಿ ಕೊಟ್ಟಂತೆ ಬರೆದುಕೊಳ್ಳಬೇಕು.

ಸದಸ್ಯತ್ವದಲ್ಲಿ ಎರಡು ಅಳತೆಗಳಿರುತ್ತವೆ. ಒಂದು ಕೊಠಡಿಯ ಗಾತ್ರ, ಮತ್ತೊಂದು ಋತು. ವರ್ಷವನ್ನು ಬೇಡಿಕೆಗೆ ಅನುಗುಣವಾಗಿ ವಿಂಗಡಿಸಿ ಒಂದೊಂದಕ್ಕೆ ಒಂದೊಂದು ಬಣ್ಣದ ಹೆಸರು ಕೊಡುವುದು ರೂಢಿ. ಅತಿ ಹೆಚ್ಚು ಬೇಡಿಕೆಯ ದಿನಗಳ ಬಣ್ಣಕ್ಕೆ ಅತಿ ಹೆಚ್ಚು ಬೆಲೆ. ಕಡಿಮೆ ಬೆಲೆಯ ಬಣ್ಣ ಕೊಂಡವರಿಗೆ ಬೇಸಿಗೆ ರಜೆಯಲ್ಲಾಗಲಿ ವರ್ಷದ ಕೊನೆಯ ವಾರದಲ್ಲಾಗಲಿ ಕೊಠಡಿ ಸಿಗುವುದು ಕಷ್ಟ. ಹೆಚ್ಚಿನ ಬೆಲೆಯ ಬಣ್ಣ ಕೊಂಡವರೂ ತಿಂಗಳುಗಳ ಮುಂಚೆಯೇ ಕಾದಿರಿಸಬೇಕು. ಅಂದರೆ ನೀವು ಕೊಳ್ಳುವುದು ಕೊಠಡಿಯನ್ನಲ್ಲ. ಖಾಲಿ ಇದ್ದರೆ ಕೊಠಡಿಯನ್ನು ಕೇಳುವ ಹಕ್ಕನ್ನು.

2. ಮಾರುವವರ ಲೆಕ್ಕವೂ ಮನೆಯ ಲೆಕ್ಕವೂ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಇಲ್ಲಿನ ಅಂಕಿಗಳು ಲೆಕ್ಕ ತಿಳಿಯಲೆಂದು ನಾವು ಹಿಡಿದವು. ನಿಮ್ಮ ಮುಂದೆ ಇಟ್ಟ ದರಪಟ್ಟಿಯ ಅಂಕಿಗಳನ್ನು ಇವುಗಳ ಜಾಗದಲ್ಲಿ ಹಾಕಿಕೊಳ್ಳಿರಿ.

ಸದಸ್ಯತ್ವ ಶುಲ್ಕ ರೂ. 4,00,000. ಅವಧಿ 25 ವರ್ಷ. ವರ್ಷಕ್ಕೆ 7 ರಾತ್ರಿ. ವಾರ್ಷಿಕ ಶುಲ್ಕ ರೂ. 18,000.

ಮಾರುವವರು ಮಾಡಿ ತೋರಿಸುವ ಲೆಕ್ಕ ಹೀಗಿರುತ್ತದೆ: 25 ವರ್ಷಕ್ಕೆ 175 ರಾತ್ರಿ. ನಾಲ್ಕು ಲಕ್ಷವನ್ನು 175ರಿಂದ ಭಾಗಿಸಿದರೆ ಒಂದು ರಾತ್ರಿಗೆ ರೂ. 2,286. ಅಂತಹ ಕೊಠಡಿಗೆ ಹೊರಗೆ ರೂ. 6,000 ಬಾಡಿಗೆ. ಮೂರರಲ್ಲೆರಡು ಪಾಲು ಉಳಿತಾಯ!

ಈ ಲೆಕ್ಕದಲ್ಲಿ ಮೂರು ಬಾಬ್ತು ಬಿಟ್ಟುಹೋಗಿವೆ.

ಮೊದಲನೆಯದು ತೆರಿಗೆ. ಸದಸ್ಯತ್ವ ಶುಲ್ಕಕ್ಕೂ ವಾರ್ಷಿಕ ಶುಲ್ಕಕ್ಕೂ ಶೇ. 18ರಷ್ಟು ಜಿ.ಎಸ್.ಟಿ. ತಗಲುತ್ತದೆ. ಆಗ ನಾಲ್ಕು ಲಕ್ಷ ರೂ. 4,72,000 ಆಗುತ್ತದೆ, ವಾರ್ಷಿಕ ಶುಲ್ಕ ರೂ. 21,240 ಆಗುತ್ತದೆ.

ಎರಡನೆಯದು ವಾರ್ಷಿಕ ಶುಲ್ಕವೇ. ಅದು ರಾತ್ರಿಯೊಂದಕ್ಕೆ ರೂ. 3,034 ಬೀಳುತ್ತದೆ. ಮಾರುವವರು ಹೇಳಿದ ಒಟ್ಟು ದರಕ್ಕಿಂತ ಈ ಒಂದು ಬಾಬ್ತೇ ಹೆಚ್ಚು.

ಮೂರನೆಯದು ಬಡ್ಡಿ. ಇಂದು ಕೊಟ್ಟ ಹಣಕ್ಕೂ ಇಪ್ಪತ್ತು ವರ್ಷದ ಮೇಲೆ ಕೊಡುವ ಹಣಕ್ಕೂ ಬೆಲೆ ಒಂದೇ ಅಲ್ಲ. ನಮ್ಮ ಹಣ ಠೇವಣಿಯಲ್ಲಿದ್ದರೆ ಬಡ್ಡಿ ತರುತ್ತಿತ್ತು. ಆದರೆ ಇಲ್ಲಿ ಮಾರುವವರ ಒಂದು ಮಾತೂ ನ್ಯಾಯವಾದುದೇ: ಹೊರಗಿನ ಕೊಠಡಿಯ ಬಾಡಿಗೆ ವರ್ಷ ವರ್ಷ ಏರುತ್ತದೆ, ಸದಸ್ಯತ್ವ ಶುಲ್ಕ ಒಮ್ಮೆ ಕೊಟ್ಟರೆ ಏರುವುದಿಲ್ಲ. ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು. ಠೇವಣಿಗೆ ಶೇ. 7ರಷ್ಟು ಬಡ್ಡಿ ಬರುತ್ತದೆ, ಕೊಠಡಿ ಬಾಡಿಗೆಯೂ ವಾರ್ಷಿಕ ಶುಲ್ಕವೂ ವರ್ಷಕ್ಕೆ ಶೇ. 5ರಂತೆ ಏರುತ್ತವೆ ಎಂದಿಟ್ಟುಕೊಳ್ಳೋಣ. ಬೆಲೆಯೇರಿಕೆಯನ್ನು ಕಳೆದರೆ ಬಡ್ಡಿಯ ನಿಜವಾದ ಗಳಿಕೆ ಶೇ. 2ಕ್ಕಿಂತ ತುಸು ಕಡಿಮೆ. ಆ ಗಳಿಕೆಯನ್ನು ಸೇರಿಸಿ 25 ವರ್ಷಗಳಿಗೆ ಹಂಚಿದರೆ, ಮೊದಲು ಕೊಟ್ಟ ಮೊತ್ತವನ್ನು 25ರಿಂದಲ್ಲ, 20ರಿಂದ ಭಾಗಿಸಿದಷ್ಟಾಗುತ್ತದೆ. ಸದಸ್ಯರು ಇದೊಂದನ್ನು ನೆನಪಿಟ್ಟರೆ ಸಾಕು: ಇಪ್ಪತ್ತೈದು ವರ್ಷದ ಸದಸ್ಯತ್ವವಾದರೆ ಇಪ್ಪತ್ತರಿಂದ ಭಾಗಿಸಿರಿ.

ಈಗ ಮನೆಯ ಲೆಕ್ಕ ನೋಡೋಣ:

ರೂ. 4,72,000 ÷ 20 = ರೂ. 23,600
ವಾರ್ಷಿಕ ಶುಲ್ಕ, ತೆರಿಗೆ ಸೇರಿ = ರೂ. 21,240
ವರ್ಷದ ಒಟ್ಟು ಖರ್ಚು = ರೂ. 44,840
7 ರಾತ್ರಿಗೆ ಹಂಚಿದರೆ ರಾತ್ರಿಯೊಂದಕ್ಕೆ = ರೂ. 6,406

ಹೊರಗೆ ಬಾಡಿಗೆಗೆ ಹಿಡಿದರೆ ಏನಾಗುತ್ತದೆ? ದಿನಕ್ಕೆ ರೂ. 7,500ರವರೆಗಿನ ಕೊಠಡಿಗೆ 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಹಾಗಾಗಿ ರೂ. 6,000ದ ಕೊಠಡಿಗೆ ತೆರಿಗೆ ಸೇರಿ ರೂ. 6,300. ಏಳು ರಾತ್ರಿಗೆ ರೂ. 44,100.

ಎರಡೂ ಹೆಚ್ಚುಕಡಿಮೆ ಒಂದೇ! ಮೂರರಲ್ಲೆರಡು ಪಾಲು ಉಳಿತಾಯವೆಂದು ತೋರಿದ್ದು ಕೊನೆಗೆ ಸರಿಸಮಕ್ಕೆ ಬಂದು ನಿಂತಿತು. ಅದೂ 25 ವರ್ಷದಲ್ಲಿ ಒಂದು ವರ್ಷವೂ, ಒಂದು ರಾತ್ರಿಯೂ ತಪ್ಪದೆ ಬಳಸಿದರೆ ಮಾತ್ರ. ವಾರ್ಷಿಕ ಶುಲ್ಕವು ಶೇ. 5ಕ್ಕಿಂತ ಜೋರಾಗಿ ಏರಿದರೆ ತಕ್ಕಡಿ ಇನ್ನೂ ಆ ಕಡೆಗೆ ವಾಲುತ್ತದೆ.

ಸಾಲ ಬಾಕಿ ಇರುವವರು ಮತ್ತೊಂದು ಅಂಶ ಗಮನಿಸಬೇಕು. ಶೇ. 12ರ ಬಡ್ಡಿಯ ಸಾಲ ತಲೆಯ ಮೇಲಿದ್ದು, ಅದನ್ನು ತೀರಿಸಬಹುದಾದ ಹಣವನ್ನು ಇದಕ್ಕೆ ಹಾಕುವುದಾದರೆ 20ರಿಂದಲ್ಲ, 13ರಿಂದ ಭಾಗಿಸಬೇಕು. ಆಗ ಅದೇ ಕೊಠಡಿ ರಾತ್ರಿಗೆ ರೂ. 8,200ಕ್ಕೂ ಮೇಲೆ ಬೀಳುತ್ತದೆ. ಸಾಲಗಾರನಿಗೆ ಸಾಲ ತೀರಿಸುವುದಕ್ಕಿಂತ ಲಾಭದ ಹೂಡಿಕೆ ಬೇರೊಂದಿಲ್ಲ.

3. ಬಳಕೆಯೇ ಪ್ರಧಾನ

ಡ್ರೈಯರ್ ಒಂದನ್ನು ಕೊಂಡು ವರ್ಷಕ್ಕೆ ಹತ್ತು ದಿನ ಮಾತ್ರ ಓಡಿಸಿದರೆ ಕ್ವಿಂಟಲಿಗೆ ಬೀಳುವ ಖರ್ಚು ಎಷ್ಟಾದೀತು? ಸದಸ್ಯತ್ವದ ಲೆಕ್ಕವೂ ಹಾಗೆಯೇ. ಹೋಗಲಿ, ಬಿಡಲಿ, ವಾರ್ಷಿಕ ಶುಲ್ಕ ಕಟ್ಟಲೇಬೇಕು. ನಮ್ಮ ಉದಾಹರಣೆಯಲ್ಲಿ ಬಳಕೆಗೆ ತಕ್ಕಂತೆ ರಾತ್ರಿಯೊಂದರ ಖರ್ಚು ಹೀಗಾಗುತ್ತದೆ:

ಪ್ರತಿ ವರ್ಷ ಪೂರ್ತಿ ಬಳಸಿದರೆ: ರೂ. 6,406
ಮೂರು ವರ್ಷದಲ್ಲಿ ಎರಡು ವರ್ಷ ಬಳಸಿದರೆ: ರೂ. 9,609
ಎರಡು ವರ್ಷಕ್ಕೊಮ್ಮೆ ಬಳಸಿದರೆ: ರೂ. 12,811

ಬಳಸದ ರಾತ್ರಿಗಳನ್ನು ಮುಂದಿನ ವರ್ಷಕ್ಕೆ ಒಯ್ಯಲು ಕೆಲವು ಸಂಸ್ಥೆಗಳು ಅವಕಾಶ ಕೊಡುತ್ತವೆ, ಅದಕ್ಕೂ ಮಿತಿಯಿದೆ. ಎರಡು ವರ್ಷದ ರಾತ್ರಿಗಳನ್ನು ಒಟ್ಟುಗೂಡಿಸಿ ಹದಿನಾಲ್ಕು ದಿನ ತೋಟ ಬಿಟ್ಟು ಇರಬಲ್ಲವರು ನಮ್ಮಲ್ಲಿ ಎಷ್ಟು ಮಂದಿ ಎಂಬುದನ್ನೂ ಯೋಚಿಸಬೇಕು.

ಇದರ ಮೇಲೆ ಪ್ರಯಾಣ, ಊಟ, ಸುತ್ತಾಟದ ಖರ್ಚು ಬೇರೆ. ಸದಸ್ಯತ್ವದಲ್ಲಿ ಸಾಮಾನ್ಯವಾಗಿ ಸೇರಿರುವುದು ಕೊಠಡಿ ಮಾತ್ರ. ಊರಿನಿಂದ ದೂರವಿರುವ ವಿಹಾರಧಾಮದಲ್ಲಿ ಹೊರಗೆ ಹೋಟೆಲ್ ಹುಡುಕುವುದು ಸುಲಭವಲ್ಲ. ಅಲ್ಲಿನ ಊಟವನ್ನೇ ಅಲ್ಲಿನ ದರದಲ್ಲೇ ಮಾಡಬೇಕು. ಸಂಜೆ ಮಾರಾಟದ ಮೇಜಿನ ಮುಂದೆ ಕುಳಿತಾಗ ನಾಲ್ಕು ಜನರ ಒಂದು ದಿನದ ಊಟದ ದರವನ್ನು ಕೇಳಿ ಬರೆದುಕೊಳ್ಳಲು ಮರೆಯಬಾರದು.

4. ತೋಟದ ಪಂಚಾಂಗ ಏನು ಹೇಳುತ್ತದೆ?

ಪಟ್ಟಣದ ನೌಕರನಿಗೆ ರಜೆಯ ದಿನಗಳು ಮೊದಲೇ ಗೊತ್ತು. ಬೆಳೆಗಾರನಿಗೆ ರಜೆ ಕೊಡುವುದು ಮಳೆ ಮತ್ತು ಬೆಳೆ. ಆದ್ದರಿಂದ ವಿಹಾರಧಾಮದ ಬಣ್ಣದ ಪಟ್ಟಿಯ ಪಕ್ಕದಲ್ಲಿ ನಿಮ್ಮ ತೋಟದ ಕೆಲಸದ ಪಟ್ಟಿಯನ್ನು ಇಟ್ಟು ನೋಡಿರಿ.

ನವೆಂಬರಿನಿಂದ ಜನವರಿಯವರೆಗೆ ಅರೇಬಿಕಾ ಕೊಯ್ಲು. ಅದರ ಹಿಂದೆಯೇ ರೋಬಸ್ಟಾ; ಅದು ಮಾರ್ಚಿನವರೆಗೂ ಎಳೆಯುತ್ತದೆ. ಕಣದಲ್ಲಿ ಹಣ್ಣು ಹರಡಿರುವಾಗ ಮನೆಯವರು ಯಾರೂ ಇಲ್ಲದೆ ನಡೆಯುವುದಿಲ್ಲ. ಹೀಗಾಗಿ ವರ್ಷದ ಕೊನೆಯ ವಾರ ಕಾಫಿ ಬೆಳೆಗಾರನಿಗೆ ಇಲ್ಲವೇ ಇಲ್ಲ. ಫೆಬ್ರವರಿಯಿಂದ ಏಪ್ರಿಲಿನವರೆಗೆ ಹೂಮಳೆಗಾಗಿ ಆಕಾಶ ನೋಡುವುದು, ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಎಳೆಯುವುದು. ಮಲೆನಾಡಿನ ಅಡಿಕೆ ತೋಟದವರಿಗೆ ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು ಇವೆಲ್ಲ ಮಳೆಗಾಲದ ಕೊನೆಯಿಂದ ಹಿಡಿದು ಜನವರಿಯವರೆಗೆ. ದಸರಾ ರಜೆಯೂ ಅದರೊಳಗೇ ಬೀಳುತ್ತದೆ. ಮುಂಗಾರಿಗೆ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ. 40-45 ದಿನ ಕಳೆದು ಎರಡನೆಯದು. ಔಷಧಿ ಹೊಡೆಯುವವರು ಸಿಕ್ಕ ದಿನ ನಾವು ಊರಿನಲ್ಲಿರಬೇಕು. ಮಳೆ ಬಿಡುವು ಕೊಟ್ಟ ದಿನವೇ ಕೆಲಸ.

ಉಳಿದದ್ದು ಯಾವುದು? ಏಪ್ರಿಲ್ ಮಧ್ಯದಿಂದ ಮೇ ತಿಂಗಳವರೆಗಿನ ಕೆಲವು ವಾರಗಳು. ಮಕ್ಕಳಿಗೆ ಬೇಸಿಗೆ ರಜೆ ಇರುವುದೂ ಆಗಲೇ. ಆದರೆ ಇಡೀ ದಕ್ಷಿಣ ಭಾರತದ ಕುಟುಂಬಗಳು ಬೆಟ್ಟದ ಊರುಗಳಿಗೆ ಹೊರಡುವುದೂ ಆಗಲೇ. ಅಂದರೆ ಬೆಳೆಗಾರನಿಗೆ ಉಪಯೋಗಕ್ಕೆ ಬರುವುದು ಅತಿ ದುಬಾರಿ ಬಣ್ಣ. ಅದರಲ್ಲಿ ಕೊಠಡಿ ಸಿಗುವುದೂ ಅತಿ ಕಷ್ಟ. ಕಡಿಮೆ ಬೆಲೆಯ ಮಳೆಗಾಲದ ಬಣ್ಣ ಕೊಂಡು ಜುಲೈ ತಿಂಗಳಲ್ಲಿ ಮತ್ತೊಂದು ಮಲೆನಾಡಿಗೆ ಹೋಗಿ ಅಲ್ಲಿನ ಮಳೆಯನ್ನು ನೋಡುತ್ತಾ ಕೂರಲು ನಮ್ಮ ಮನೆಯ ಹೆಂಗಸರು ಒಪ್ಪುತ್ತಾರೆಯೇ ಎಂಬುದನ್ನು ಅವರನ್ನೇ ಕೇಳುವುದು ಲೇಸು.

ಮಗ ಅಥವಾ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ಅವರು ಬಳಸುವುದಾದರೆ ಲೆಕ್ಕ ಬೇರೆಯಾಗುತ್ತದೆ. ಆದರೆ ಸದಸ್ಯರಲ್ಲದವರು ಹೋದಾಗ ಅತಿಥಿ ಶುಲ್ಕವಿದೆಯೇ, ವಿವಾಹವಾದ ಮಕ್ಕಳು 'ಕುಟುಂಬ' ಎಂಬ ಪದದೊಳಗೆ ಬರುತ್ತಾರೆಯೇ ಎಂಬುದನ್ನು ಒಪ್ಪಂದದಲ್ಲೇ ಓದಿ ತಿಳಿಯಬೇಕು.

5. ಕಂತಿನ ಮಾತು

"ಒಮ್ಮೆಗೇ ಕೊಡಬೇಕಾಗಿಲ್ಲ, ತಿಂಗಳ ಕಂತು ಕಟ್ಟಿ" ಎನ್ನುವುದುಂಟು. ನಮ್ಮ ಉದಾಹರಣೆಯ ರೂ. 4,72,000ದಲ್ಲಿ ಐದನೆಯ ಒಂದು ಭಾಗ ಮುಂಗಡ ಕೊಟ್ಟು, ಉಳಿದ ರೂ. 3,77,600ನ್ನು ಶೇ. 15ರ ಬಡ್ಡಿಯಲ್ಲಿ 48 ಕಂತುಗಳಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು ರೂ. 10,500. ನಾಲ್ಕು ವರ್ಷದಲ್ಲಿ ಬಡ್ಡಿಯೇ ಸುಮಾರು ರೂ. 1,27,000. ಅಂದರೆ ಸದಸ್ಯತ್ವದ ಬೆಲೆ ಆರು ಲಕ್ಷದ ಸನಿಹಕ್ಕೆ ಹೋಯಿತು.

ತಿಂಗಳ ಕಂತು ತಿಂಗಳ ಸಂಬಳದವರಿಗೆ ಹೊಂದುವ ಏರ್ಪಾಡು. ನಮಗೆ ಹಣ ಬರುವುದು ಮಂಡಿಗೆ ಮಾಲು ಹೋದಾಗ. ಕಂತು ಬರುವುದು ಪ್ರತಿ ತಿಂಗಳ ಒಂದೇ ತಾರೀಖಿಗೆ. ಆಗಸ್ಟ್ ತಿಂಗಳಲ್ಲಿ ಕೈ ಬರಿದಾಗಿರುವಾಗ ಕಂತಿಗೋಸ್ಕರ ಒಂದಿಷ್ಟು ಚೀಲವನ್ನು ಸಿಕ್ಕ ಧಾರಣೆಗೆ ಮಾರುವಂತಾದರೆ, ಆ ನಷ್ಟ ಯಾವ ದರಪಟ್ಟಿಯಲ್ಲೂ ಕಾಣದ ನಷ್ಟ.

6. 25 ವರ್ಷ ಎಂದರೆ ಎಷ್ಟು ಕಾಲ?

ಐವತ್ತರ ಪ್ರಾಯದಲ್ಲಿ ಸಹಿ ಹಾಕಿದವರಿಗೆ ಅವಧಿ ಮುಗಿಯುವಾಗ ಎಪ್ಪತ್ತೈದು. ಈಗ ಶಾಲೆಗೆ ಹೋಗುವ ಮಗು ಏಳೆಂಟು ವರ್ಷದಲ್ಲಿ ಪರ ಊರಿನ ಕಾಲೇಜಿಗೆ ಹೋಗುತ್ತದೆ. ನಾಲ್ವರೂ ಒಟ್ಟಾಗಿ ಹೊರಡುವ ವರ್ಷಗಳನ್ನು ಬೆರಳಿನಲ್ಲಿ ಎಣಿಸಿ ನೋಡಿರಿ.

ಬೆಳೆಯ ಧಾರಣೆಯನ್ನೂ ನೆನೆಯಬೇಕು. 2000ದಿಂದ 2002ರವರೆಗೆ ಕಾಫಿಯ ಬೆಲೆ ಪಾತಾಳಕ್ಕೆ ಇಳಿದಾಗ ತೋಟದ ಕೂಲಿ ಹುಟ್ಟಿಸುವುದೇ ಕಷ್ಟವಾಗಿತ್ತು. ಈಚಿನ ವರ್ಷಗಳಲ್ಲಿ ಮಲೆನಾಡಿನ ಅಡಿಕೆಗೆ ಎಲೆಚುಕ್ಕೆ ರೋಗ ತಗಲಿ ಫಸಲು ಕುಂದಿದ ತೋಟಗಳು ನಮ್ಮ ಕಣ್ಣ ಮುಂದಿವೆ. ಧಾರಣೆ ಬಿದ್ದ ವರ್ಷ ಪ್ರವಾಸವನ್ನು ನಿಲ್ಲಿಸಬಹುದು. ವಾರ್ಷಿಕ ಶುಲ್ಕವನ್ನು ನಿಲ್ಲಿಸುವಂತಿಲ್ಲ. ಬಾಕಿ ಉಳಿಸಿಕೊಂಡರೆ ಕೊಠಡಿ ಕೊಡುವುದಿಲ್ಲ. ಒಳ್ಳೆಯ ವರ್ಷದ ಧೈರ್ಯದಲ್ಲಿ ಕೆಟ್ಟ ವರ್ಷಗಳ ಮೇಲೆ ಹೊರೆ ಹೊರಿಸುವುದು ತರವಲ್ಲ.

ಬೇಡವಾದಾಗ ಮಾರಿಬಿಡಬಹುದು ಎಂಬ ಮಾತನ್ನು ನಂಬಿ ಕೊಳ್ಳಬಾರದು. ಹಳೆಯ ಸದಸ್ಯತ್ವಕ್ಕೆ ಕೊಳ್ಳುವವರು ಸಿಗುವುದು ಕಷ್ಟ, ಸಿಕ್ಕರೂ ಕೊಟ್ಟ ಬೆಲೆ ಬರುವುದಿಲ್ಲ. ಹೆಸರು ಬದಲಾವಣೆಗೆ ಶುಲ್ಕವೂ ಇರುತ್ತದೆ. "ನಿಮ್ಮ ಸದಸ್ಯತ್ವಕ್ಕೆ ಗಿರಾಕಿ ಸಿದ್ಧನಿದ್ದಾನೆ, ಮೊದಲು ಇಷ್ಟು ಶುಲ್ಕ ಕಟ್ಟಿ" ಎಂದು ದೂರವಾಣಿ ಮಾಡಿ ಹಣ ಕೀಳುವ ಮೋಸಗಾರರೂ ಇದ್ದಾರೆ. ಅವರ ಬಗ್ಗೆ ಈಗಾಗಲೇ ಸದಸ್ಯತ್ವ ಉಳ್ಳವರು ಎಚ್ಚರವಾಗಿರಬೇಕು.

7. 'ಹಣವೂ ಮರಳುತ್ತದೆ' ಎಂದರೆ

ವಿಹಾರವೂ ಆಯಿತು, ಬಳಸದಿದ್ದರೆ ಬಡ್ಡಿಸಮೇತ ಹಣವೂ ವಾಪಸ್ ಎಂದು ಯಾರಾದರೂ ಹೇಳಿದರೆ ಎದ್ದು ಬರುವುದೇ ಕ್ಷೇಮ. ಮುಂಬಯಿಯ ಪ್ಯಾನ್‌ಕಾರ್ಡ್ ಕ್ಲಬ್ಸ್ ಎಂಬ ಕಂಪನಿ ಕೊಠಡಿ ರಾತ್ರಿಗಳ ಹೆಸರಿನಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿಂದ ಸುಮಾರು 7,000 ಕೋಟಿ ರೂಪಾಯಿ ಸಂಗ್ರಹಿಸಿತ್ತು. ಇದು ವಿಹಾರದ ವ್ಯಾಪಾರವಲ್ಲ, ಅನುಮತಿಯಿಲ್ಲದ ಸಾಮೂಹಿಕ ಹೂಡಿಕೆ ಯೋಜನೆ ಎಂದು ಸೆಬಿ ತೀರ್ಮಾನಿಸಿ, 2016ರ ಫೆಬ್ರವರಿಯಲ್ಲಿ ಹಣ ಮರಳಿಸುವಂತೆ ಆದೇಶಿಸಿತು. 2017ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಹಣ ತೊಡಗಿಸಿದವರು ಆಸ್ತಿಗಳ ಹರಾಜಿಗಾಗಿ ಕಾಯುವಂತಾಯಿತು. ವಿಹಾರಕ್ಕೆ ಕೊಟ್ಟದ್ದು ಖರ್ಚು. ಬಡ್ಡಿಗೆ ಇಟ್ಟದ್ದು ಠೇವಣಿ. ಎರಡನ್ನೂ ಒಂದೇ ಮಡಕೆಯಲ್ಲಿ ಬೇಯಿಸುವವರನ್ನು ದೂರವಿಡಬೇಕು.

8. ಮಾರಾಟದ ಕೊಠಡಿಯಲ್ಲಿ

ಪೆಟ್ರೋಲ್ ಬಂಕಿನಲ್ಲೋ ವಸ್ತುಪ್ರದರ್ಶನದಲ್ಲೋ ತುಂಬಿಸಿಕೊಂಡ ಚೀಟಿಯಿಂದ ಇದು ಆರಂಭವಾಗುತ್ತದೆ. "ನಿಮಗೆ ಬಹುಮಾನ ಬಂದಿದೆ, ಪತಿ ಪತ್ನಿ ಇಬ್ಬರೂ ಹೋಟೆಲಿಗೆ ಬನ್ನಿ" ಎಂಬ ಕರೆ ಬರುತ್ತದೆ. ಇಬ್ಬರೂ ಬರಬೇಕೆನ್ನುವುದರ ಉದ್ದೇಶ ಸರಳ: ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂಬ ಉತ್ತರಕ್ಕೆ ಎಡೆಯಿರಬಾರದು. ಎರಡು ಮೂರು ಗಂಟೆ ಚಿತ್ರ ತೋರಿಸಿ, ತಿಂಡಿ ಕೊಟ್ಟು, ಕೊನೆಗೆ "ಈ ದರ ಇವತ್ತಿಗೆ ಮಾತ್ರ" ಎನ್ನುತ್ತಾರೆ.

ಇಂದಿನ ದರ ನಾಳೆಗಿಲ್ಲ ಎಂಬ ವ್ಯಾಪಾರಿಯೊಂದಿಗೆ ನಾವು ಅಡಿಕೆಯನ್ನೂ ಮಾರುವುದಿಲ್ಲ, ಇದನ್ನೂ ಕೊಳ್ಳಬೇಕಾಗಿಲ್ಲ. ಹೋಗುವುದಾದರೆ ಚೆಕ್ ಪುಸ್ತಕ, ಕಾರ್ಡು ಮನೆಯಲ್ಲೇ ಇರಲಿ. ಮೊಬೈಲಿಗೆ ಬಂದ ಗುಪ್ತ ಸಂಖ್ಯೆಯನ್ನು ಯಾರಿಗೂ ಹೇಳಬಾರದು. ಬಹುಮಾನದ ಉಚಿತ ವಾಸಕ್ಕೆ ಯಾವ ಷರತ್ತು, ಯಾವ ದಿನಾಂಕ, ಯಾವ ಸೇವಾಶುಲ್ಕ ಎಂದು ಕೇಳಬೇಕು. ಒಪ್ಪಂದದ ಖಾಲಿ ಪ್ರತಿಯನ್ನು ಮನೆಗೆ ಕೊಡಿ ಎನ್ನಬೇಕು. ಓದಲು ಕೊಡದ ಒಪ್ಪಂದಕ್ಕೆ ಸಹಿ ಹಾಕುವ ಅಗತ್ಯವೇ ಇಲ್ಲ.

ಯುರೋಪಿನಲ್ಲಿ 2008ರ ನಿರ್ದೇಶನದ ಮೇರೆಗೆ ಟೈಮ್ ಷೇರ್ ಕೊಂಡವರು ಕಾರಣ ಹೇಳದೆಯೇ 14 ದಿನಗಳೊಳಗೆ ಹಿಂದೆಗೆಯಬಹುದು. ಅಷ್ಟರವರೆಗೆ ಮುಂಗಡ ಪಡೆಯುವಂತಿಲ್ಲ. ನಮ್ಮಲ್ಲಿ ಟೈಮ್ ಷೇರ್‌ಗೆಂದೇ ಪ್ರತ್ಯೇಕ ಕಾನೂನಿಲ್ಲ. ಹಿಂದೆಗೆಯುವ ಅವಧಿ ಎಷ್ಟು ದಿನ, ಎಷ್ಟು ಹಣ ಮರಳುತ್ತದೆ ಎಂಬುದು ಒಪ್ಪಂದದಲ್ಲಿ ಬರೆದಷ್ಟೇ. ಆದ್ದರಿಂದ ಮೊದಲು ಓದಬೇಕಾದ ಕಲಮು ಅದೇ. ಬಳಿಕ ಋತು ಮತ್ತು ಕಾದಿರಿಸುವಿಕೆ, ವಾರ್ಷಿಕ ಶುಲ್ಕ ಏರಿಸುವ ಅಧಿಕಾರ, ಬಾಕಿಗೆ ಬಡ್ಡಿ, ವಾರಸುದಾರರ ಹಕ್ಕು ಇವುಗಳನ್ನು ಓದಬೇಕು. ಬಾಯಿಮಾತಿನಲ್ಲಿ ಕೊಟ್ಟ ಭರವಸೆಯನ್ನು ಅದೇ ಕಾಗದದಲ್ಲಿ ಬರೆಸಬೇಕು. ಬರೆಯಲು ಒಪ್ಪದ ಭರವಸೆಗೆ ಬೆಲೆಯಿಲ್ಲ.

ಸಹಿ ಹಾಕಿ ತೊಂದರೆಗೆ ಸಿಲುಕಿದವರಿಗೂ ದಾರಿಯಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದಿದೆ. ಕೊಟ್ಟ ಹಣ 50 ಲಕ್ಷ ರೂಪಾಯಿವರೆಗಿನದಾದರೆ ದೂರನ್ನು ಜಿಲ್ಲಾ ಗ್ರಾಹಕ ಆಯೋಗಕ್ಕೆ ಕೊಡಬೇಕು. ಕಂಪನಿಯ ಕಚೇರಿ ಎಲ್ಲಿಯೇ ಇರಲಿ, ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ತಕರಾರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಮೊದಲ ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ರಸೀತಿ, ಪತ್ರ, ಕೊಠಡಿ ಇಲ್ಲವೆಂದು ಬಂದ ಉತ್ತರ ಎಲ್ಲವನ್ನೂ ಜೋಪಾನವಾಗಿ ಇಟ್ಟಿರಬೇಕು.

9. ಯಾರಿಗೆ ಹಿತ, ಯಾರಿಗೆ ಅಲ್ಲ?

ಇಷ್ಟೆಲ್ಲ ಹೇಳಿದ ಮೇಲೆ ಮತ್ತೊಂದು ಪಕ್ಕವನ್ನೂ ಹೇಳುವುದು ನ್ಯಾಯ. ಪ್ರತಿ ವರ್ಷವೂ ತಪ್ಪದೆ ಪ್ರವಾಸ ಹೋಗುವ, ರಾತ್ರಿಗೆ ರೂ. 9,000ದ ಕೊಠಡಿಯನ್ನೇ ಹಿಡಿಯುವ ಕುಟುಂಬ ಒಂದಿದೆ ಎನ್ನಿ. ರೂ. 7,500ಕ್ಕೆ ಮೇಲ್ಪಟ್ಟ ಕೊಠಡಿಗೆ ಶೇ. 18ರಷ್ಟು ತೆರಿಗೆ, ಅಲ್ಲಿಗೆ ರಾತ್ರಿಗೆ ರೂ. 10,620. ಅಂತಹ ಕೊಠಡಿಯೇ ನಮ್ಮ ಉದಾಹರಣೆಯ ಸದಸ್ಯತ್ವದಲ್ಲಿ ಸಿಗುವುದಾದರೆ, ಮೂರು ವರ್ಷದಲ್ಲಿ ಎರಡು ವರ್ಷ ಬಳಸಿದರೂ ರೂ. 9,609 ಮಾತ್ರ. ಅವರಿಗೆ ಇದು ಲಾಭ. ಎರಡು ವರ್ಷಕ್ಕೊಮ್ಮೆ ಬಳಸಿದರೆ ಅವರಿಗೂ ನಷ್ಟ.

ಎರಡು ಮೂರು ವರ್ಷಕ್ಕೊಮ್ಮೆ ಹೊರಡುವವರು, ಧರ್ಮಸ್ಥಳ, ಗೋಕರ್ಣ, ತಿರುಪತಿ ಎಂದು ಯಾತ್ರೆಗೆ ಹೋಗಿ ಛತ್ರದಲ್ಲಿ ಉಳಿಯುವವರು, ಎರಡು ಸಾವಿರದ ಕೊಠಡಿಯಲ್ಲೇ ತೃಪ್ತರಾದವರು, ಹೊರಡುವ ದಿನವನ್ನು ಹಿಂದಿನ ವಾರವಷ್ಟೇ ನಿಶ್ಚಯಿಸಬಲ್ಲವರು, ಸಾಲ ಬಾಕಿಯಿರುವವರು, ಇವರಿಗೆ ಈ ಸದಸ್ಯತ್ವ ಹೊಂದುವುದಿಲ್ಲ. ನಮ್ಮ ಸಂಘದ ಹೆಚ್ಚಿನ ಸದಸ್ಯರು ಈ ಸಾಲಿನಲ್ಲೇ ಬರುತ್ತಾರೆಂಬುದು ನಮ್ಮ ಅಭಿಪ್ರಾಯ.

ಅವರಿಗೆ ಒಂದು ಬದಲಿ ಏರ್ಪಾಡು ಸೂಚಿಸುತ್ತೇವೆ. ಅದೇ ರೂ. 4,72,000ವನ್ನು ಬ್ಯಾಂಕಿನಲ್ಲಿ ಶೇ. 7ರ ಠೇವಣಿ ಇಟ್ಟರೆ ವರ್ಷಕ್ಕೆ ರೂ. 33,040 ಬಡ್ಡಿ. ಕಟ್ಟಬೇಕಾಗಿದ್ದ ವಾರ್ಷಿಕ ಶುಲ್ಕ ರೂ. 21,240ನ್ನೂ ಸೇರಿಸಿದರೆ ಪ್ರವಾಸಕ್ಕೆಂದು ರೂ. 54,280 ಕೈಯಲ್ಲಿರುತ್ತದೆ. ಬೆಲೆಯೇರಿಕೆಯಿಂದ ಆ ಬಡ್ಡಿಯ ಶಕ್ತಿ ವರ್ಷ ಕಳೆದಂತೆ ಕುಗ್ಗುವುದು ನಿಜ. ಆದರೆ ಹೋಗದ ವರ್ಷದ ಹಣ ಉಳಿಯುತ್ತದೆ. ಬೇಕಾದ ಊರಿಗೆ, ಬೇಕಾದ ದಿನ, ಬೇಕಾದ ವಸತಿಗೆ ಹೋಗಬಹುದು. ಎಲ್ಲಕ್ಕೂ ಮುಖ್ಯವಾಗಿ, ಮನೆಯಲ್ಲಿ ಕಾಯಿಲೆ ಬಂದಾಗ, ಮಗಳ ಮದುವೆ ನಿಶ್ಚಯವಾದಾಗ, ಸುಂಟರಗಾಳಿಗೆ ಮರ ಬಿದ್ದು ತೋಟ ಹಾಳಾದಾಗ ಅಸಲು ನಮ್ಮದೇ ಆಗಿರುತ್ತದೆ. ಬ್ಯಾಂಕಿನ ಠೇವಣಿಗೆ ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆಯೂ ಇದೆ.

10. ಮನೆಯಲ್ಲಿ ಮಾಡಬೇಕಾದ ಅಭ್ಯಾಸ

ಸಂಜೆ ಮನೆಮಂದಿಯೆಲ್ಲ ಕುಳಿತು, ಹಳೆಯ ಲೆಕ್ಕದ ಪುಸ್ತಕ ತೆಗೆದು ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ.

(1) ಕಳೆದ ಹತ್ತು ವರ್ಷದಲ್ಲಿ ಮೂರು ರಾತ್ರಿಗಿಂತ ಹೆಚ್ಚು ಕಾಲ ಕುಟುಂಬ ಸಮೇತ ಪ್ರವಾಸ ಹೋದದ್ದು ಎಷ್ಟು ವರ್ಷ? ಮುಂದೆ ಹೋಗುವೆವು ಎಂಬ ಆಸೆಯ ಸಂಖ್ಯೆ ಬೇಡ. ಹೋದ ಸಂಖ್ಯೆ ಬರೆಯಿರಿ.
(2) ಆಗ ಕೊಠಡಿಗೆ ರಾತ್ರಿಗೆ ಎಷ್ಟು ಕೊಟ್ಟಿರಿ?
(3) ಯಾವ ತಿಂಗಳು ಹೋದಿರಿ? ಆ ತಿಂಗಳಿಗೆ ದರಪಟ್ಟಿಯಲ್ಲಿ ಯಾವ ಬಣ್ಣ?
(4) ಶುಲ್ಕಕ್ಕೆ ತೆರಿಗೆ ಸೇರಿಸಿ, ಇಪ್ಪತ್ತರಿಂದ ಭಾಗಿಸಿ, ವಾರ್ಷಿಕ ಶುಲ್ಕ ಕೂಡಿಸಿ, ನಿಜವಾಗಿ ಬಳಸುವ ರಾತ್ರಿಗಳಿಂದ ಭಾಗಿಸಿರಿ. ಬಂದ ಅಂಕಿ ಎರಡನೆಯ ಪ್ರಶ್ನೆಯ ಉತ್ತರಕ್ಕಿಂತ ಹೆಚ್ಚೋ ಕಡಿಮೆಯೋ?
(5) ಧಾರಣೆ ಅರ್ಧಕ್ಕೆ ಇಳಿದ ವರ್ಷವೂ ವಾರ್ಷಿಕ ಶುಲ್ಕ ಕಟ್ಟಲು ಶಕ್ತಿಯಿದೆಯೇ?

ನಾಲ್ಕನೆಯ ಪ್ರಶ್ನೆಗೆ 'ಕಡಿಮೆ' ಎಂದೂ ಐದನೆಯದಕ್ಕೆ 'ಇದೆ' ಎಂದೂ ಉತ್ತರ ಬಂದರೆ ಒಪ್ಪಂದವನ್ನು ತರಿಸಿ ಓದಲು ಅಡ್ಡಿಯಿಲ್ಲ. ಒಂದಕ್ಕಾದರೂ ಬೇರೆ ಉತ್ತರ ಬಂದರೆ, ಈ ಬೇಸಿಗೆಯಲ್ಲಿ ಒಳ್ಳೆಯದೊಂದು ಕೊಠಡಿಯನ್ನು ಬಾಡಿಗೆಗೇ ಹಿಡಿದು ಮಕ್ಕಳನ್ನು ಕರೆದುಕೊಂಡು ಹೋಗಿಬನ್ನಿರಿ. ಲೆಕ್ಕ ಮಾಡುವಾಗ ಸಹಾಯ ಬೇಕಾದವರು ದರಪಟ್ಟಿಯೊಂದಿಗೆ ಸಂಘದ ಕಚೇರಿಗೆ ಬಂದರೆ ಗುಮಾಸ್ತರು ಕೂಡಿ ಕಳೆದು ತೋರಿಸುತ್ತಾರೆ. ಸಹಿ ಹಾಕುವ ಮುಂಚೆಯೇ ಬರಬೇಕೆಂದು ವಿನಂತಿ.